ಎ, ಆನ್, ದ: ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಆರ್ಟಿಕಲ್ ಕಲಿಸುವ ಬಗೆ

"ಮೈ ಫಾದರ್ ಈಸ್ ಫಾರ್ಮರ್. ವಿ ಹ್ಯಾವ್ ಒನ್ ಕೌ. ಕೌ ಈಸ್ ಬ್ಲ್ಯಾಕ್."

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರೆದ ಮೂರು ವಾಕ್ಯ ಇವು. ಇಂಥ ನೋಟ್‌ಬುಕ್ಕನ್ನು ನೀವೂ ನೋಡಿರುತ್ತೀರಿ. ಕೆಂಪು ಪೆನ್ನು ಮೂರು ಕಡೆ ಓಡುತ್ತದೆ. ಪೆನ್ನು ಎತ್ತುವ ಮೊದಲು ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. "ನಮ್ಮಪ್ಪ ರೈತ. ನಮ್ಮನೇಲಿ ಒಂದು ಹಸು ಇದೆ. ಹಸು ಕಪ್ಪಗಿದೆ." ಎಲ್ಲೂ ತಪ್ಪಿಲ್ಲ, ಅಲ್ವಾ? ಆ ಹುಡುಗಿ ಬೇಕಾಬಿಟ್ಟಿ ಬರೆದಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯ ಲೆಕ್ಕದಲ್ಲೇ ಬರೆದಿದ್ದಾಳೆ.

ಹಾಗಾಗಿ ನಾನು ಈಗ ಆರ್ಟಿಕಲ್ ಪಾಠವನ್ನು ಕನ್ನಡದಿಂದಲೇ ಶುರು ಮಾಡುತ್ತೇನೆ. ಈ ಬರಹ ಮುಖ್ಯವಾಗಿ 3ರಿಂದ 5ನೇ ತರಗತಿಗೆ ಕಲಿಸುವ ಮೇಷ್ಟ್ರು, ಮೇಡಂಗಳಿಗೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬಂದೀತು.

ಶುರು ಮಾಡುವ ಮುಂಚೆ ನಾವು ತಿಳಿದಿರಬೇಕಾದದ್ದು

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಹಿಂದಿ, ತಮಿಳು, ರಷ್ಯನ್, ಚೀನಿ, ಜಪಾನಿ ಭಾಷೆಗಳಲ್ಲೂ ಇಲ್ಲ. ಆದರೆ ಆರ್ಟಿಕಲ್ ಮಾಡುವ ಕೆಲಸ ನಮ್ಮಲ್ಲೂ ನಡೆಯುತ್ತದೆ, ಬೇರೆ ದಾರಿಯಲ್ಲಿ. ಈ ಎರಡು ವಾಕ್ಯ ನೋಡಿ:

ಮೇಜಿನ ಮೇಲೆ ಪುಸ್ತಕ ಇದೆ.
ಪುಸ್ತಕ ಮೇಜಿನ ಮೇಲೆ ಇದೆ.

ಪದಗಳು ಅವೇ, ಜಾಗ ಮಾತ್ರ ಅದಲು ಬದಲು. "ಪುಸ್ತಕ ಎಲ್ಲೋ?" ಎಂದು ಅಮ್ಮ ಕೇಳಿದರೆ ಮಗು ಯಾವುದನ್ನು ಹೇಳುತ್ತದೆ? ಎರಡನೆಯದನ್ನು. ಯಾಕೆಂದರೆ ಆ ಪುಸ್ತಕದ ಮಾತು ಆಗಲೇ ಬಂದಿದೆ. ಮೊದಲನೆಯದರಲ್ಲಿ ಪುಸ್ತಕ ಹೊಸ ಸುದ್ದಿ. ಇಂಗ್ಲಿಷ್‌ನಲ್ಲಿ ಮೊದಲನೆಯದು "ದೇರ್ ಈಸ್ ಎ ಬುಕ್ ಆನ್ ದ ಟೇಬಲ್". ಎರಡನೆಯದು "ದ ಬುಕ್ ಈಸ್ ಆನ್ ದ ಟೇಬಲ್". ಹೊಸದಕ್ಕೆ ಎ, ಗೊತ್ತಿರುವುದಕ್ಕೆ ದ. ಈ ವ್ಯತ್ಯಾಸವನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ. ನಾವು ಅವರ ಕೈಗೆ ಕೊಡಬೇಕಾದದ್ದು ಎರಡು ಪುಟ್ಟ ಇಂಗ್ಲಿಷ್ ಪದ ಮಾತ್ರ.

'ಅನ್ನು' ಪ್ರತ್ಯಯವೂ ಇದೇ ಕೆಲಸ ಮಾಡುತ್ತದೆ. "ಅಂಗಡಿಗೆ ಹೋಗಿ ಪೆನ್ಸಿಲ್ ತಂದೆ" ಎಂದರೆ ಯಾವುದೋ ಒಂದು ಪೆನ್ಸಿಲ್. "ಪೆನ್ಸಿಲನ್ನು ತಂದೆ" ಎಂದರೆ ನಿಮಗೂ ನನಗೂ ಗೊತ್ತಿರುವ ಪೆನ್ಸಿಲ್. ಆದರೆ ಇದನ್ನು ಜಾಸ್ತಿ ಎಳೆಯಬೇಡಿ. ಬರವಣಿಗೆಯಲ್ಲಿ ನಾವು 'ಅನ್ನು'ವನ್ನು ಎಲ್ಲ ಕಡೆ ಹಾಕುತ್ತೇವೆ. ಮನುಷ್ಯರ ವಿಷಯದಲ್ಲಂತೂ ಅದು ಇರಲೇಬೇಕು. ಆಡುಮಾತಿನ ವಸ್ತುಗಳ ಮಟ್ಟಿಗೆ ಉದಾಹರಣೆ ಚೆನ್ನಾಗಿ ಕೂರುತ್ತದೆ.

ಇನ್ನೊಂದು ಮಾತು. ಆರ್ಟಿಕಲ್ ನಿಧಾನವಾಗಿ ಬರುವ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್, ಇಂಗ್ಲಿಷನ್ನೇ ಮನೆಮಾತಾಗಿ ಕಲಿಯುತ್ತಿದ್ದ ಮೂವರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ 14 ವ್ಯಾಕರಣ ಅಂಶಗಳಲ್ಲಿ ಆರ್ಟಿಕಲ್ ಕೈಗೆ ಹತ್ತಿದ್ದು ಎಂಟನೆಯದಾಗಿ. ಬಹುವಚನದ 'ಸ್' ಕೂಡ ಅದಕ್ಕಿಂತ ಮೊದಲೇ ಬಂದಿತ್ತು. ಅವರಿಗೇ ಹೀಗಿರುವಾಗ, ನಮ್ಮ ಮಕ್ಕಳು ಒಂದು ವಾರದಲ್ಲಿ ಕಲಿಯಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬಾರದು.

ಮೊದಲ ಹೆಜ್ಜೆ: ಕನ್ನಡದಲ್ಲಿ ಒಂದು ಕಥೆ

ಮಕ್ಕಳಿಗೆ ಈ ಪುಟ್ಟ ಕಥೆ ಹೇಳಿ. "ಒಬ್ಬಳು ಅಜ್ಜಿ ಹತ್ತಿರ ಒಂದು ಕೋಳಿ ಇತ್ತು. ಕೋಳಿ ಒಂದು ಮೊಟ್ಟೆ ಇಟ್ಟಿತು. ಮೊಟ್ಟೆ ಉರುಳಿಕೊಂಡು ಹೋಗಿ ಒಂದು ಬಾವಿಗೆ ಬಿತ್ತು. ಬಾವಿ ಒಣಗಿತ್ತು."

ಈಗ ಇದನ್ನೇ ಬೇಕೆಂದೇ ಕೆಡಿಸಿ ಹೇಳಿ. "ಒಬ್ಬಳು ಅಜ್ಜಿ ಹತ್ತಿರ ಒಂದು ಕೋಳಿ ಇತ್ತು. ಒಂದು ಕೋಳಿ ಒಂದು ಮೊಟ್ಟೆ ಇಟ್ಟಿತು." ಮಕ್ಕಳು ತಕ್ಷಣ ತಡೆಯುತ್ತಾರೆ. "ಅದು ಬೇರೆ ಕೋಳೀನಾ ಸರ್?" ಎಂದು ಕೇಳುತ್ತಾರೆ. ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಹೊಸದಾಗಿ ಬಂದಾಗ 'ಒಂದು' ಇರುತ್ತದೆ, ಎರಡನೇ ಸಲ ಅದು ಬಿದ್ದುಹೋಗುತ್ತದೆ. ಈ ಮಾತು ಮಕ್ಕಳ ಬಾಯಿಂದಲೇ ಬರಲಿ. ಇವತ್ತಿಗೆ ಇಷ್ಟು ಸಾಕು. ಎ, ದ ಹೆಸರನ್ನೂ ಎತ್ತಬೇಡಿ.

ಎರಡನೇ ಹೆಜ್ಜೆ: ಅದೇ ಕಥೆ, ಇಂಗ್ಲಿಷ್‌ನಲ್ಲಿ, ಬರೀ ಕಿವಿಗೆ

ಮರುದಿನ ಅದೇ ಕಥೆಯನ್ನು ಇಂಗ್ಲಿಷ್‌ನಲ್ಲಿ ಹೇಳಿ. ಬೋರ್ಡಿನ ಮೇಲೆ ಚಿತ್ರ ಇರಲಿ, ಅಕ್ಷರ ಬೇಡ.

"ಆನ್ ಓಲ್ಡ್ ವುಮನ್ ಹ್ಯಾಡ್ ಎ ಹೆನ್. ದ ಹೆನ್ ಲೇಡ್ ಆನ್ ಎಗ್. ದಿ ಎಗ್ ರೋಲ್ಡ್ ಇಂಟು ಎ ವೆಲ್. ದ ವೆಲ್ ವಾಸ್ ಡ್ರೈ."

ಇಲ್ಲಿ ನಮ್ಮ ಉಚ್ಚಾರಣೆಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಕ್ಲಾಸಿನಲ್ಲಿ ನಾವು "ಏ... ಬುಕ್", "ದೀ... ಬುಕ್" ಎಂದು ಎಳೆದು ಓದುತ್ತೇವೆ. ಸಹಜ ಮಾತಿನಲ್ಲಿ 'ಎ' ಎಂದು ಬರೆದಿದ್ದರೂ ಕೇಳಿಸುವುದು ಮೆಲ್ಲಗಿನ ಒಂದು 'ಅ', ಮುಂದಿನ ಪದಕ್ಕೆ ಅಂಟಿಕೊಂಡು: "ಅಹೆನ್", "ಅವೆಲ್". ಅಷ್ಟು ಮೆಲ್ಲಗಿರುವುದರಿಂದಲೇ ಟಿವಿಯಲ್ಲೋ ಮೊಬೈಲ್‌ನಲ್ಲೋ ಇಂಗ್ಲಿಷ್ ಕೇಳುವ ಮಗುವಿನ ಕಿವಿಗೆ ಅದು ಬೀಳುವುದಿಲ್ಲ. ಕಿವಿಗೆ ಬೀಳದ್ದು ಬಾಯಿಗೆ ಬರುವುದಾದರೂ ಹೇಗೆ? ಹಾಗಾಗಿ ಎರಡೂ ಬಗೆಯಲ್ಲಿ ಹೇಳಿ ಕೇಳಿಸಿ. ಮೊದಲು ನಿಧಾನವಾಗಿ, ಆಮೇಲೆ ಸಹಜವಾಗಿ. 'ದ' ಕೂಡ ಹಾಗೇ: ವ್ಯಂಜನದ ಮುಂದೆ 'ದ', ಸ್ವರದ ಮುಂದೆ 'ದಿ'. ದ ಹೆನ್, ದಿ ಎಗ್.

ಮಕ್ಕಳಿಗೆ ಒಂದು ಕೆಲಸ ಕೊಡಿ. ಹೊಸದು ಬಂದಾಗ, ಅಂದರೆ ಎ ಅಥವಾ ಆನ್ ಕೇಳಿದಾಗ, ಒಂದು ಬೆರಳು ಎತ್ತಬೇಕು. ದ ಕೇಳಿದಾಗ ಬೋರ್ಡಿನ ಚಿತ್ರದ ಕಡೆ ಕೈ ತೋರಿಸಬೇಕು. ನಾಲ್ಕೈದು ದಿನ ಬೇರೆ ಬೇರೆ ಕಥೆಗಳೊಂದಿಗೆ ಇದನ್ನೇ ಆಡಿ.

ಮೂರನೇ ಹೆಜ್ಜೆ: 'ಏನು?' ಬೇರೆ, 'ಎಷ್ಟು?' ಬೇರೆ

"ವಿ ಹ್ಯಾವ್ ಒನ್ ಕೌ" ಎಂಬುದು ಎಲ್ಲಿಂದ ಬಂತು? ಕನ್ನಡದ 'ಒಂದು' ಎರಡು ಕೆಲಸ ಮಾಡುತ್ತದೆ. ಎಣಿಸುವುದಕ್ಕೂ ಅದೇ, ಹೊಸದನ್ನು ಪರಿಚಯಿಸುವುದಕ್ಕೂ ಅದೇ. ಇಂಗ್ಲಿಷ್‌ನಲ್ಲೂ ಹಿಂದೆ ಹಾಗೇ ಇತ್ತು. ಹಳೆಯ ಇಂಗ್ಲಿಷ್‌ನಲ್ಲಿ 'ಒಂದು' ಎಂಬ ಅರ್ಥದ ಪದವೇ ಮುಂದೆ ಆನ್ ಆಯಿತು, ವ್ಯಂಜನದ ಮುಂದೆ ಸವೆದು ಎ ಆಯಿತು. 'ಆ, ಅದು' ಎಂದು ತೋರಿಸುವ ಪದದಿಂದ ದ ಬಂತು. ನಾವು 'ಒಂದು ಊರು, ಆ ಊರಲ್ಲಿ' ಎನ್ನುವ ಹಾಗೆಯೇ.

ಮಕ್ಕಳಿಗೆ ಈ ಚರಿತ್ರೆ ಬೇಡ. ಅವರಿಗೆ ಎರಡು ಪ್ರಶ್ನೆ ಕೊಡಿ. 'ಎಷ್ಟು?' ಎಂದು ಕೇಳಿದಾಗ ಬರುವ ಉತ್ತರ ಒನ್. 'ಏನು?' ಎಂದು ಕೇಳಿದಾಗ ಬರುವ ಉತ್ತರ ಎ. ನಿಮ್ಮ ಚೀಲಕ್ಕೆ ಕೈ ಹಾಕಿ ಒಂದು ಚಮಚ ತೆಗೆಯಿರಿ. "ವಾಟ್ ಈಸ್ ದಿಸ್?" "ಎ ಸ್ಪೂನ್." ಮೂರು ಪೆನ್ಸಿಲ್ ತೆಗೆದು, ಎರಡನ್ನು ಬಚ್ಚಿಟ್ಟು, "ಹೌ ಮೆನಿ?" "ಒನ್ ಪೆನ್ಸಿಲ್." ಬೇಗ ಬೇಗ ಪ್ರಶ್ನೆ ಬದಲಿಸಿ. ಹತ್ತು ನಿಮಿಷದಲ್ಲಿ ವ್ಯತ್ಯಾಸ ಬಾಯಿಗೆ ಹತ್ತುತ್ತದೆ.

ಇನ್ನು ಉಳಿದದ್ದು "ಮೈ ಫಾದರ್ ಈಸ್ ಫಾರ್ಮರ್". ನನ್ನ ಅನುಭವದಲ್ಲಿ ಆರ್ಟಿಕಲ್ ಬಿಟ್ಟುಹೋಗುವುದು ಇಂಥ ವಾಕ್ಯಗಳಲ್ಲೇ ಜಾಸ್ತಿ. ಯಾಕೆಂದರೆ ಕನ್ನಡದಲ್ಲಿ ಇಲ್ಲಿ 'ಒಬ್ಬ' ಸಹ ಬರುವುದಿಲ್ಲ. ಮನೇಲಿ ಯಾರಾದರೂ "ನಮ್ಮಪ್ಪ ಒಬ್ಬ ರೈತ" ಎನ್ನುತ್ತಾರಾ? ಮಗುವಿಗೆ ಹಿಡಿದುಕೊಳ್ಳಲು ಕನ್ನಡದ ಆಸರೆ ಇಲ್ಲದ ಜಾಗ ಇದು. ಇಲ್ಲಿ ಅರ್ಥ ವಿವರಿಸುವುದಕ್ಕಿಂತ ರೂಢಿ ಮಾಡಿಸುವುದೇ ಸರಿ. ಮಕ್ಕಳಿಗೆ ಊರಿನ ಕಸುಬುಗಳ ಚೀಟಿ ಹಂಚಿ: ರೈತ, ಟೈಲರ್, ಡ್ರೈವರ್, ನರ್ಸ್, ಕಂಡಕ್ಟರ್, ಬಡಗಿ, ಅಂಗನವಾಡಿ ಟೀಚರ್. ಒಬ್ಬರಾದ ಮೇಲೆ ಒಬ್ಬರು ಎದ್ದು ನಟಿಸಬೇಕು, ಉಳಿದವರು "ಯು ಆರ್ ಎ ಟೈಲರ್!" ಎಂದು ಕೂಗಬೇಕು. ಎ ಬಿಟ್ಟು ಕೂಗಿದರೆ ನಟನೆ ಮುಂದುವರಿಯುತ್ತದೆ, ಸೇರಿಸಿ ಕೂಗಿದರೆ ಮಾತ್ರ ಚೀಟಿ ತೋರಿಸುವುದು. ಕೊನೆಗೆ ಪ್ರತಿ ಮಗುವೂ ತನ್ನ ಮನೆಯವರ ಬಗ್ಗೆ ಎರಡು ವಾಕ್ಯ ಬರೆಯಲಿ.

ನಾಲ್ಕನೇ ಹೆಜ್ಜೆ: ಆನ್ ಕಲಿಸಲು ಕನ್ನಡ ಅಕ್ಷರಮಾಲೆ

"ಎ, ಇ, ಐ, ಓ, ಯು ಬಂದರೆ ಆನ್." ಈ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ದಯವಿಟ್ಟು ಇದನ್ನು ಬಿಟ್ಟುಬಿಡಿ. "ಆನ್ ಯೂನಿಫಾರ್ಮ್", "ಎ ಅವರ್" ಎಂಬ ತಪ್ಪುಗಳು ಹುಟ್ಟುವುದೇ ಇದರಿಂದ. ಆನ್ ನೋಡುವುದು ಮುಂದಿನ ಪದದ ಮೊದಲ ಸದ್ದನ್ನು. ಸ್ಪೆಲ್ಲಿಂಗ್ ಏನೇ ಇರಲಿ, ಅದಕ್ಕೆ ಲೆಕ್ಕವಿಲ್ಲ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕನ್ನಡ ಲಿಪಿ ಸದ್ದನ್ನೇ ಬರೆಯುತ್ತದೆ. ಸ್ವರ ಯಾವುದು, ವ್ಯಂಜನ ಯಾವುದು ಎಂದು ಅವರಿಗೆ ಗೊತ್ತು. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಸಿ. ಮೊದಲ ಅಕ್ಷರ ಅ ಇಂದ ಔ ವರೆಗಿನದ್ದಾದರೆ ಆನ್. ಇಲ್ಲದಿದ್ದರೆ ಎ. ಮುಗಿಯಿತು.

ಅಂಬ್ರೆಲ್ಲಾ: ಆನ್. ಯೂನಿಫಾರ್ಮ್: ಎ. ಅವರ್: ಆನ್, ಅಲ್ಲಿ ಹೆಚ್ ಅಕ್ಷರ ಇದ್ದರೂ ಸದ್ದಿಲ್ಲ. ಯೂನಿವರ್ಸಿಟಿ: ಎ. ಎಂ.ಎಲ್.ಎ: ಆನ್. ಒಂದು ರೂಪಾಯಿಯ ನಾಣ್ಯ: ಎ, ಯಾಕೆಂದರೆ ಒನ್ ಎಂಬುದರ ನಿಜವಾದ ಸದ್ದು 'ವನ್'.

ಆದರೆ ಎರಡು ಕಡೆ ಈ ಉಪಾಯ ಕೈಕೊಡುತ್ತದೆ, ಮೊದಲೇ ತಿಳಿದಿರಿ. ನಾವು ಮಾತಾಡುವಾಗ ಎಲೆಯನ್ನು 'ಯೆಲೆ', ಒಲೆಯನ್ನು 'ವೊಲೆ' ಎನ್ನುತ್ತೇವೆ. ಅದೇ ನಾಲಿಗೆ ಎಗ್ ಅನ್ನು 'ಯೆಗ್' ಮಾಡುತ್ತದೆ. ಮಗು 'ಯೆಗ್' ಎಂದು ಬರೆದು, ಸರಿಯಾಗಿ ಲೆಕ್ಕ ಹಾಕಿ, "ಎ ಯೆಗ್" ಎನ್ನುತ್ತದೆ. ಇನ್ನೊಂದು, ಹಾಲನ್ನು 'ಆಲು', ಹೂವನ್ನು 'ಊವು' ಎನ್ನುವ ಕಡೆಯ ಮಕ್ಕಳು ಹೌಸ್ ಅನ್ನು 'ಔಸ್' ಎಂದು ಬರೆದು "ಆನ್ ಔಸ್" ಎನ್ನುತ್ತಾರೆ. ಎರಡರಲ್ಲೂ ಮಗುವಿನ ಲೆಕ್ಕ ಸರಿ ಇದೆ, ಸದ್ದು ಮಾತ್ರ ಬೇರೆ. ಆದ್ದರಿಂದ ನಿಯಮವನ್ನು ಮತ್ತೆ ಹೇಳಬೇಡಿ, ಸದ್ದನ್ನು ತಿದ್ದಿ. ಎಗ್‌ಗೆ ನಾನು ಮಾಡುವುದು ಇಷ್ಟೇ: ಎರಡೂ ಪದ ಸೇರಿಸಿ 'ಅನೆಗ್' ಎಂದು ಒಂದೇ ಉಸಿರಿನಲ್ಲಿ ಹೇಳಿಸುತ್ತೇನೆ. ನ್ ಬಂದು ಕೂತಾಗ 'ಯೆ'ಗೆ ಜಾಗವೇ ಇರುವುದಿಲ್ಲ. ಹೌಸ್‌ಗೆ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ. ಉಸಿರು ತಾಗಬೇಕು. ಆ ಮಗುವಿನ ಮನೆಮಾತನ್ನು ಮಾತ್ರ ಯಾವತ್ತೂ ತಪ್ಪು ಎನ್ನಬೇಡಿ. ಮನೇಲಿ ಆಲು, ಇಂಗ್ಲಿಷ್‌ನಲ್ಲಿ ಹೌಸ್. ಎರಡೂ ಇರಲಿ.

ದೊಡ್ಡ ತರಗತಿಯಾದರೆ ಸಂಧಿಯನ್ನು ನೆನಪಿಸಿ. ಮನೆ ಮತ್ತು ಅನ್ನು ಸೇರಿದಾಗ ನಡುವೆ 'ಯ' ಬರುತ್ತದೆ, ಗುರು ಮತ್ತು ಅನ್ನು ಸೇರಿದಾಗ 'ವ' ಬರುತ್ತದೆ. ಎರಡು ಸ್ವರ ಡಿಕ್ಕಿ ಹೊಡೆಯದಿರಲಿ ಎಂದು. ಇಂಗ್ಲಿಷ್‌ನಲ್ಲಿ ಆ ಕಾವಲಿಗೆ ನಿಂತಿರುವುದು 'ನ್'. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಕಥೆ: ಅಂಪೈರ್ ಎಂಬ ಪದ ಮೊದಲು ನ್ ಸದ್ದಿನಿಂದಲೇ ಶುರುವಾಗುತ್ತಿತ್ತು. ಕೇಳಿದ ಜನ ಆ ನ್ ಅನ್ನು ಹಿಂದಿನ ಎ ಗೆ ಅಂಟಿಸಿಬಿಟ್ಟರು. ಹಾಗೆ ಅದು ಆನ್ ಅಂಪೈರ್ ಆಯಿತು. ಏಪ್ರನ್‌ಗೂ ಆದದ್ದು ಇದೇ.

ಕೊನೆಯದಾಗಿ, ಪಕ್ಕದ ಪದ ಬದಲಾದರೆ ಆರ್ಟಿಕಲ್ ಬದಲಾಗುತ್ತದೆ ಎಂಬುದನ್ನು ತೋರಿಸಿ. ಎ ಬಸ್, ಆನ್ ಓಲ್ಡ್ ಬಸ್. ಆನ್ ಆಪಲ್, ಎ ರೆಡ್ ಆಪಲ್. ಪದಗಳ ಚೀಟಿ ಕೈಗೆ ಕೊಟ್ಟು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ. ಓಲ್ಡ್ ಬಂದು ನಡುವೆ ನಿಂತಾಗ ಎ ಹಿಂದೆ ಹೋಗಿ ಆನ್ ಮುಂದೆ ಬರಬೇಕು.

ಐದನೇ ಹೆಜ್ಜೆ: 'ಯಾವುದು?' ಎಂಬ ಪ್ರಶ್ನೆ

ದ ಬಗ್ಗೆ ಪುಸ್ತಕಗಳಲ್ಲಿ ಹತ್ತಾರು ನಿಯಮ ಇರುತ್ತವೆ. ಚಿಕ್ಕ ಮಕ್ಕಳಿಗೆ ಒಂದೇ ಪ್ರಶ್ನೆ ಸಾಕು: ನಾನು ಹೇಳಿದ್ದು ಯಾವುದು ಅಂತ ಕೇಳುವವರಿಗೆ ಗೊತ್ತಾ? ಗೊತ್ತಿದ್ದರೆ ದ. ಅವರು "ಯಾವುದು?" ಎಂದು ಕೇಳುವ ಹಾಗಿದ್ದರೆ ದ ಬೇಡ.

"ಕ್ಲೋಸ್ ದ ಡೋರ್" ಎಂದರೆ ಯಾರೂ ಯಾವ ಬಾಗಿಲು ಎಂದು ಕೇಳುವುದಿಲ್ಲ, ಕೋಣೆಗೆ ಇರುವುದೇ ಒಂದು. ದ ಸನ್, ದ ಮೂನ್ ಹೀಗೆಯೇ. ದ ಹೆಡ್‌ಮಾಸ್ಟರ್ ಹೀಗೆಯೇ. ಕಥೆಯಲ್ಲಿ ಎರಡನೇ ಸಲ ಬರುವ ಕೋಳಿಯೂ ಹೀಗೆಯೇ. ನೋಡಲು ಮೂರು ನಿಯಮ, ಆದರೆ ಪ್ರಶ್ನೆ ಒಂದೇ.

ಇದಕ್ಕೆ ಒಳ್ಳೆಯ ಆಟ: ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ನೋಡುವವನು ಹೇಳಬೇಕು, ಕೇಳುವವನು ಬರೆಯಬೇಕು. "ಡ್ರಾ ಎ ಟ್ರೀ. ಡ್ರಾ ಎ ಬರ್ಡ್ ಆನ್ ದ ಟ್ರೀ." ಆರಂಭದಲ್ಲೇ "ಡ್ರಾ ದ ಟ್ರೀ" ಎಂದರೆ ಕೇಳುವವನು "ವಿಚ್ ಟ್ರೀ?" ಎನ್ನಬೇಕು. ಚಿಕ್ಕ ಮಕ್ಕಳು ತಮಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ ಎಂದುಕೊಳ್ಳುತ್ತಾರೆ. ಗೆಳೆಯನ ಬಾಯಿಂದ ಬರುವ "ವಿಚ್ ಟ್ರೀ?" ಅದನ್ನು ಮೆಲ್ಲಗೆ ತಿದ್ದುತ್ತದೆ. ನಾವು ಹತ್ತು ಸಲ ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಇನ್ನೊಂದು ಆಟ, ಸರಪಳಿ ಕಥೆ. ಮೊದಲ ಮಗು "ಐ ಸಾ ಎ ಕ್ಯಾಟ್" ಎನ್ನುತ್ತದೆ. ಎರಡನೆಯದು ಆ ಬೆಕ್ಕನ್ನು ದ ಹಾಕಿ ಎತ್ತಿಕೊಂಡು ಹೊಸದೊಂದನ್ನು ಸೇರಿಸಬೇಕು: "ದ ಕ್ಯಾಟ್ ಸಾ ಎ ರ‍್ಯಾಟ್." ಮುಂದಿನದು "ದ ರ‍್ಯಾಟ್ ಹ್ಯಾಡ್ ಎ ಹ್ಯಾಟ್." ಇಡೀ ತರಗತಿ ಸುತ್ತಿ ಬರಲಿ.

ದ ಎಂದರೆ 'ಆ' ಎಂದು ಬರೆಸಬಹುದಾ ಎಂದು ಕೆಲವರು ಕೇಳುತ್ತಾರೆ. ಏಣಿಯ ಹಾಗೆ ಒಂದೆರಡು ದಿನ ಬಳಸಿ, ಆಮೇಲೆ ತೆಗೆದುಬಿಡಿ. ದ ಸನ್ ಎಂದರೆ ನಾವು 'ಆ ಸೂರ್ಯ' ಎನ್ನುವುದಿಲ್ಲವಲ್ಲ.

ಆರನೇ ಹೆಜ್ಜೆ: ಏನೂ ಬೇಡದ ಜಾಗ

ಇಷ್ಟು ಕಲಿತ ಮೇಲೆ ಮಕ್ಕಳು ಎಲ್ಲದಕ್ಕೂ ಆರ್ಟಿಕಲ್ ಹಾಕತೊಡಗುತ್ತಾರೆ. "ಐ ಡ್ರಿಂಕ್ ಎ ಮಿಲ್ಕ್." ಇದು ಕಲಿಯುತ್ತಿರುವುದರ ಗುರುತು, ಗಾಬರಿ ಬೇಡ. ಎಣಿಸಲು ಆಗದ್ದಕ್ಕೆ ಎ ಬರುವುದಿಲ್ಲ: ಹಾಲು, ನೀರು, ಅನ್ನ, ಮರಳು. ಹೋಂವರ್ಕ್, ಫರ್ನಿಚರ್, ಲಗೇಜ್ ಕೂಡ ಇಂಗ್ಲಿಷ್‌ನ ಲೆಕ್ಕದಲ್ಲಿ ಎಣಿಸಲಾಗದವು. ಇವು ಮೂರನ್ನೂ ನಾವು ಕನ್ನಡ ಮಾತಿನಲ್ಲಿ ಆರಾಮಾಗಿ ಎಣಿಸುತ್ತೇವೆ, ಹಾಗಾಗಿ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು ಒಳ್ಳೆಯದು. "ಗೋ ಟು ಸ್ಕೂಲ್", "ಬೈ ಬಸ್", "ಗೋ ಟು ಬೆಡ್" ಇಂಥವನ್ನು ಇಡಿಯಾಗಿಯೇ ಕಲಿಸಿ, ಬಿಡಿಸಬೇಡಿ.

ಹೆಸರುಗಳಿಗೆ ಕರ್ನಾಟಕದ ನಕ್ಷೆಯೇ ಸಾಕು. ಊರಿಗೆ ಆರ್ಟಿಕಲ್ ಇಲ್ಲ: ಮೈಸೂರು, ಹಂಪಿ, ಬೀದರ್. ನದಿಗೆ ದ: ದ ಕಾವೇರಿ, ದ ತುಂಗಭದ್ರಾ, ದ ಕೃಷ್ಣಾ. ಒಂದೇ ಬೆಟ್ಟವಾದರೆ ಬೇಡ: ಮುಳ್ಳಯ್ಯನಗಿರಿ. ಬೆಟ್ಟಗಳ ಸಾಲಾದರೆ ಬೇಕು: ದ ವೆಸ್ಟರ್ನ್ ಘಾಟ್ಸ್. ಸಮುದ್ರಕ್ಕೂ ಬೇಕು: ದಿ ಅರೇಬಿಯನ್ ಸೀ. ಭಾಷೆಯ ಹೆಸರಿಗೆ ಬೇಡ: ಐ ಸ್ಪೀಕ್ ಕನ್ನಡ. ನಕ್ಷೆಯ ಮೇಲೆ ಬೆರಳಿಟ್ಟು ಹೇಳಿಸಿದರೆ ಸಮಾಜ ವಿಜ್ಞಾನದ ಪಾಠವೂ ಆಗುತ್ತದೆ.

ಬಿಟ್ಟ ಸ್ಥಳ ತುಂಬಿಸುವ ಮೊದಲು

ಒಂದು ವಿಷಯ ನನಗೆ ನಿಜಕ್ಕೂ ಸಂಕಟ ಕೊಡುತ್ತದೆ. "ಐ ಸಾ ಡ್ಯಾಶ್ ಡಾಗ್" ಎಂದು ಒಂದೇ ವಾಕ್ಯ ಕೊಟ್ಟು, ಎ ಬರೆದವರಿಗೆ ಅಂಕ, ದ ಬರೆದವರಿಗೆ ಸೊನ್ನೆ ಕೊಡುವ ಪ್ರಶ್ನೆಪತ್ರಿಕೆಗಳು. ಎರಡೂ ಸರಿ! ಬೀದಿಯ ಯಾವುದೋ ನಾಯಿಯಾದರೆ ಎ, ನಿನ್ನೆ ನಮ್ಮನ್ನು ಅಟ್ಟಿಸಿಕೊಂಡು ಬಂದ ನಾಯಿಯಾದರೆ ದ. ಸರಿಯಾಗಿ ಯೋಚಿಸಿದ ಮಗುವಿಗೇ ಅಂಕ ಹೋಗುತ್ತದೆ. ಹಿಂದೆ ನಾನೂ ಹೀಗೆ ತಿದ್ದಿದ್ದೇನೆ, ಆ ಮಕ್ಕಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ನೀವೇ ಅಭ್ಯಾಸ ತಯಾರಿಸುವಾಗ ಕನಿಷ್ಠ ಮೂರು ವಾಕ್ಯದ ಪುಟ್ಟ ಕಥೆ ಕೊಡಿ. ಏನೂ ಬೇಡದ ಜಾಗಗಳನ್ನೂ ಸೇರಿಸಿ, ಅಲ್ಲಿ ಗುಣಾಕಾರದ ಗುರುತು ಹಾಕಲು ಹೇಳಿ. ಪ್ರತಿ ಉತ್ತರಕ್ಕೂ "ಯಾಕೆ?" ಎಂದು ಕೇಳಿ, ಕನ್ನಡದಲ್ಲೇ ಹೇಳಲಿ. ಕಾರಣ ಸರಿ ಇದ್ದರೆ ಅಂಕ ಕೊಡಿ.

ಮಕ್ಕಳು ಮಾತಾಡುವಾಗ ಎಲ್ಲವನ್ನೂ ತಿದ್ದಬೇಡಿ. ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ. ಈ ತಿಂಗಳು ಕಸುಬಿನ ವಾಕ್ಯಗಳಾದರೆ ಅವನ್ನು ಮಾತ್ರ ತಿದ್ದಿ. ಉಳಿದ ಕಡೆ ಮಗು ಹೇಳಿದ್ದನ್ನೇ ಸರಿಯಾಗಿ ತಿರುಗಿ ಹೇಳಿ, ಮಾತು ಮುಂದುವರಿಸಿ. ಊಟದ ಬಿಡುವು ಮುಗಿಸಿಕೊಂಡು ಹುಡುಗನೊಬ್ಬ ಓಡಿ ಬರುತ್ತಾನೆ.

"ಸರ್, ಐ ಸಾ ಸ್ನೇಕ್!"

"ಯು ಸಾ ಎ ಸ್ನೇಕ್? ವೇರ್ ವಾಸ್ ದ ಸ್ನೇಕ್?"

"ದ ಸ್ನೇಕ್... ನಿಯರ್ ದ ಟ್ಯಾಂಕ್, ಸರ್!"

ಎರಡು ದ ಸರಿಯಾಗಿ ಬಂದವು. ಆಗ ನಿಲ್ಲಿಸಿ ಹೊಗಳಲು ಹೋಗಬೇಡಿ. ಉಳಿದ ಮಕ್ಕಳನ್ನು ಒಳಗೆ ಕೂರಿಸಿ, ಟ್ಯಾಂಕಿನ ಕಡೆ ಹೋಗಿ ನೋಡಿ ಬನ್ನಿ.